ಗೋಪಾಲಪ್ಪನ ನ್ಯಾಯ ಮತ್ತು ಹಳದಿ ಮುಸುಕಿನವನು

ಸೂಲಿಬೆಲೆಯ ಗೋಪಾಲಪ್ಪನನ್ನು ಊರಿನವರು ಧರ್ಮರಾಯ ಎನ್ನುತ್ತಿದ್ದರು. ನಾನು ಅನ್ನುತ್ತಿರಲಿಲ್ಲ. ಆದರೆ ಅನ್ನುವವರ ಎದುರು ಅಲ್ಲವೆಂದೂ ಹೇಳಲಿಲ್ಲ. ಆ ಊರಿನ ಟೂರಿಂಗ್ ಟೆಂಟಿನಲ್ಲಿ ಸಿನಿಮಾ ಮಷೀನು ಓಡಿಸಲು ದೊಡ್ಡಬಳ್ಳಾಪುರದಿಂದ ಬಂದು ಸೇರಿದವನು ನಾನು. ಪರಸ್ಥಳದವನಿಗೆ ನಾಲಿಗೆ ಎಷ್ಟು ಉದ್ದ ಇರಬೇಕೋ ಅಷ್ಟೇ ಇತ್ತು.

ಗೋಪಾಲಪ್ಪನಿಗೆ ಹನ್ನೆರಡು ಎಕರೆ ಹೊಲ, ಪಂಪ್‌ಸೆಟ್ಟು ಇದ್ದ ಒಂದು ತೋಟ, ಬೆಳಿಗ್ಗೆ ಎದ್ದ ಕೂಡಲೇ ಎಣ್ಣೆ ಹಚ್ಚುತ್ತಿದ್ದ ಮೀಸೆ ಇದ್ದವು. ಕಳ್ಳರನ್ನು ಹಿಡಿದು ಶಿಕ್ಷಿಸುವುದು ಅವನ ಹವ್ಯಾಸ. ಪೊಲೀಸು, ಕೋರ್ಟು ಎಂದರೆ ಅವನಿಗೆ ಆಗುತ್ತಿರಲಿಲ್ಲ. "ಅಲ್ಲಿಗೆ ಹೋದ್ರೆ ಸಾಕ್ಷಿ ಕೇಳ್ತಾರೆ ಕಣ್ರೋ" ಎನ್ನುತ್ತಿದ್ದ. ಸಾಕ್ಷಿ ಕೇಳುವುದೇ ಅವನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಅರವತ್ತೈದನೇ ಇಸವಿಯಲ್ಲಿ ಬಳೆ ಮಾರುವವನೊಬ್ಬ ಕೋಳಿ ಕದ್ದನೆಂದು ಅವನ ಅರ್ಧ ತಲೆ ಬೋಳಿಸಿ ಕಳಿಸಿದ. ಕೋಳಿ ಸಂಜೆಗೆ ತಾನೇ ಗೂಡಿಗೆ ಬಂತು. ಅರವತ್ತೊಂಬತ್ತರಲ್ಲಿ ಪಂಚಾಯ್ತಿ ಚೇರ್ಮನ್ನರ ಮಗ ವಿಧವೆಯೊಬ್ಬಳ ಕಡಸನ್ನು ಹಾಡಹಗಲೇ ಹೊಡೆದುಕೊಂಡು ಹೋದ. ಆಗ ಮಾತ್ರ ಧರ್ಮರಾಯರು ಹಲ್ಲುನೋವೆಂದು ನಾಲ್ಕು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಬಲವಿದ್ದವರ ಕಳ್ಳತನ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಒಟ್ಟಿನಲ್ಲಿ ಅಂಥ ಧರ್ಮ.

ಎಪ್ಪತ್ಮೂರರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವನ ತೋಟದ ಪಂಪ್‌ಹೌಸಿನ ಬೀಗ ಒಡೆದಿತ್ತು. ಮೋಟಾರಿನೊಳಗಿನ ತಾಮ್ರದ ತಂತಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಊರಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದವನು ಆವಲಪ್ಪ, ಬಡಕಲು ಮನುಷ್ಯ, ಮಾತು ಕಡಿಮೆ. ಹಿಂದಿನ ತಿಂಗಳು ಆ ಮೋಟಾರಿಗೂ ಅವನೇ ತಂತಿ ಸುತ್ತಿದ್ದ. ಗೋಪಾಲಪ್ಪನ ತನಿಖೆ ಅಲ್ಲಿಗೇ ಮುಗಿಯಿತು.

"ಒಳಗೆ ಏನಿದೆ ಅಂತ ಯಾರಿಗೆ ಗೊತ್ತು? ಇವನಿಗೆ. ಹಾಗಾದ್ರೆ ಯಾರು ಕದ್ದೋರು?" ಎಂದು ಕೇಳಿದ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಉತ್ತರ ಯಾರು ಕೊಡುತ್ತಾರೆ? ಆವಲಪ್ಪನನ್ನು ಕೊಟ್ಟಿಗೆಯ ಕಲ್ಲುಕಂಬಕ್ಕೆ ಕಟ್ಟಿಸಿದ. ಆ ಸಂಜೆ ಟೆಂಟಿನ ಆಟ ಬಿಟ್ಟ ಮೇಲೆ ಎಲ್ಲರೂ ಟೆಂಟಿನಲ್ಲೇ ಇರಬೇಕು, ಆವಲಪ್ಪನನ್ನು ಅಲ್ಲಿಗೆ ತರಿಸಿ ಅವನ ಬಲಗೈ ಬೆರಳುಗಳನ್ನು ಮರದ ಕೊಡತಿಯಿಂದ ಜಜ್ಜುವುದಿದೆ ಎಂದು ತಮಟೆ ಹೊಡೆಸಿದ. ಬೆರಳು ಹೋದರೆ ಆವಲಪ್ಪ ತಂತಿ ಸುತ್ತುವುದೆಲ್ಲಿ, ಅವನ ಮನೆಯ ಒಲೆ ಉರಿಯುವುದೆಲ್ಲಿ? ಊರಿನವರು ಅಯ್ಯೋ ಪಾಪ ಎಂದರು. ಅಂದವರೆಲ್ಲ ಬೇಗ ಊಟ ಮುಗಿಸಿ ಟೆಂಟಿಗೆ ಹೊರಟರು.

ಅದೇ ದಿನ ಬೆಳಿಗ್ಗೆ ಬೆಂಗಳೂರಿನಿಂದ ಬಸ್ಸಿನ ಮೇಲೆ ಬಂದ ಸಿನಿಮಾ ಪೆಟ್ಟಿಗೆ ನಮ್ಮದಲ್ಲ, ಬೇರೆ ಯಾರದೋ ಆಗಿತ್ತು. ಒಳಗಿದ್ದದ್ದು ಮನುಷ್ಯರೇ ಇಲ್ಲದ ಸಿನಿಮಾ. ಎಲ್ಲವೂ ಬರೆದು ಬಣ್ಣ ತುಂಬಿದ ಚಿತ್ರಗಳು, ಅವೇ ಓಡುತ್ತವೆ, ಹಾರುತ್ತವೆ. ಮಾತು ಇಂಗ್ಲಿಷೋ ಜಪಾನಿಯೋ ದೇವರಿಗೇ ಗೊತ್ತು. ಹಳದಿ ಮುಸುಕಿನ ಒಬ್ಬ ವೀರ ಮಾಳಿಗೆಯಿಂದ ಮಾಳಿಗೆಗೆ ನೆಗೆದು ಕಳ್ಳರನ್ನು ಹಿಡಿಯುತ್ತಾನೆ. ಟೆಂಟಿನ ಮಾಲೀಕ ಆದಿನಾರಾಯಣಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಸುದ್ದಿ ತಿಳಿದ ಗೋಪಾಲಪ್ಪ ತಾನೇ ಬಂದ.

"ಕಳ್ಳರನ್ನ ಹಿಡಿಯೋ ಕಥೆ ತಾನೆ? ಸೌಂಡ್ ಕಮ್ಮಿ ಮಾಡಿ ಮೈಕ್ ನನ್ ಕೈಗೆ ಕೊಡಿ. ನಾನು ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ."

"ಒಂದ್ಸಲ ನೋಡ್ಬಿಡಿ ಗೌಡ್ರೇ, ಮಧ್ಯಾಹ್ನ ಓಡಿಸಿ ತೋರಿಸ್ತೀನಿ" ಎಂದೆ.

"ನೋಡೋದೇನಪ್ಪಾ ಅದ್ರಲ್ಲಿ? ನಾನು ದಿನಾ ಮಾಡೋ ಕೆಲಸ" ಎಂದು ಹೊರಟುಹೋದ.

ಮಧ್ಯಾಹ್ನ ರೀಲಿನ ಅಂಟು ಬಿಟ್ಟಿದೆಯೇ ಎಂದು ನೋಡಲು ನಾನೊಬ್ಬನೇ ಪೂರ್ತಿ ಓಡಿಸಿದೆ. ಕೊನೆಯಲ್ಲಿ ಆ ವೀರ ಮಹಾ ಕೇಡಿಯೊಬ್ಬನ ಕೊರಳಪಟ್ಟಿ ಹಿಡಿದು ಗಡಿಯಾರದ ಗೋಪುರದಿಂದ ಹೊರಗೆ ನೇತಾಡಿಸುತ್ತಾನೆ. ಕೈ ಬಿಟ್ಟರೆ ಸತ್ತ. ಆದರೆ ವೀರ ಬಹಳ ಹೊತ್ತು ಯೋಚಿಸಿ, ಕೇಡಿಯನ್ನು ಮೇಲಕ್ಕೆಳೆದು, ಕೂದಲೂ ಕೊಂಕದಂತೆ ಪೊಲೀಸು ಠಾಣೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಾನೆ. ಬರೆದ ಗೊಂಬೆಗೆ ಇದ್ದ ಬುದ್ಧಿ ಹನ್ನೆರಡು ಎಕರೆಯವನಿಗೆ ಇಲ್ಲವಲ್ಲ ಎಂದು ನನಗೆ ಮೈ ಉರಿಯಿತು.

ಸಂಜೆ ಟೆಂಟು ತುಂಬಿತು. ಗೋಪಾಲಪ್ಪ ಪರದೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಮೈಕ್ ಹಿಡಿದ. ವೀರ ಗೋಡೆ ಹತ್ತಿದರೆ "ನೋಡ್ರೋ, ಭಯ ಇಲ್ಲ" ಎಂದ. ವೀರ ಯಾರೋ ಹುಡುಗಿಯ ಹತ್ತಿರ ಮಾತಾಡಿದರೆ "ತಂಗಿ, ಅವಳು" ಎಂದ. ಮುಂದಿನ ದೃಶ್ಯದಲ್ಲಿ ಅವಳನ್ನು ತಬ್ಬಿಕೊಂಡಾಗ ಮೈಕಿನಲ್ಲಿ ಕೆಮ್ಮಿದ.

ನಮ್ಮದು ಒಂದೇ ಮಷೀನು, ರೀಲು ಬದಲಿಸಲು ಪ್ರತಿ ಸಲವೂ ಆಟ ನಿಲ್ಲಿಸಿ ದೀಪ ಹಾಕಬೇಕು. ಕೊನೆಯ ರೀಲಿಗೆ ಮುಂಚೆ ದೀಪ ಹಾಕಿದಾಗ ಆವಲಪ್ಪನ ಹೆಂಡತಿ ನರಸಮ್ಮ ನನ್ನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ಆಟ ಬೇಗ ಮುಗಿಸ್ಬೇಡಣ್ಣ. ಮುಗಿದ್ರೆ ನನ್ ಗಂಡನ್ ಕೈ ಹೋಗ್ತದೆ."

ಅವಳ ಮುಖ ನೋಡಲಾರದೆ ರೀಲಿನ ಕಡೆ ತಿರುಗಿದೆ. ಅವಳು ಸರಿದು ಹೋಗುವುದಕ್ಕೂ ಗೋಪಾಲಪ್ಪ ಬೀಡಿ ಹಚ್ಚಿಕೊಂಡು ಬರುವುದಕ್ಕೂ ಸರಿಹೋಯಿತು.

"ಏನಪ್ಪಾ ಆಪರೇಟ್ರೇ, ಕೊನೇಲಿ ಆ ಕೇಡಿಗೆ ಏನ್ ಮಾಡ್ತಾನೆ?"

ನಿಜ ಹೇಳಿದರೆ ರೀಲನ್ನೇ ಕತ್ತರಿಸು ಎನ್ನುತ್ತಾನೆಂದು ನನಗೆ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ಅಳುಕಿಲ್ಲದೆ ಸುಳ್ಳು ಹೇಳಿದೆ. "ನೀವು ಏನ್ ಮಾಡ್ಬೇಕು ಅಂತಿದ್ದೀರೋ ಅದನ್ನೇ, ಗೌಡ್ರೇ. ಮೊದ್ಲೇ ಹೇಳ್ಬಿಡಿ, ಜನ ನೆನಪಿಟ್ಕೋತಾರೆ."

ಅವನ ಮುಖ ಅರಳಿತು. ದೀಪ ಆರಿದ ಕೂಡಲೇ ಮೈಕಿನಲ್ಲಿ ಗುಡುಗಿದ: "ಕೇಳ್ರಪ್ಪಾ, ಇವನೇ ನಾನು, ನಾನೇ ಇವನು ಅಂತ ತಿಳ್ಕೊಳ್ಳಿ. ಇವನು ಕೇಡಿಗೆ ಏನ್ ಮಾಡ್ತಾನೋ, ಆಟ ಬಿಟ್ಮೇಲೆ ನಾನು ಆವಲಪ್ಪಂಗೆ ಅದನ್ನೇ ಮಾಡ್ತೀನಿ. ಇದು ನನ್ ಮಾತು."

ಗೋಪುರ ಬಂತು. ಕೇಡಿ ನೇತಾಡಿದ. "ಈಗ ಬಿಡ್ತಾನೆ, ನೋಡ್ತಾ ಇರಿ" ಎಂದ ಗೋಪಾಲಪ್ಪ. ವೀರ ಬಿಡಲಿಲ್ಲ. "ಇನ್ನೇನು ಬಿಟ್ಟ" ಎಂದ. ವೀರ ಕೇಡಿಯನ್ನು ಮೇಲಕ್ಕೆಳೆದುಕೊಂಡ. ಗೋಪಾಲಪ್ಪ ಮೈಕನ್ನು ತೊಡೆಯ ಮೇಲೆ ಇಳಿಸಿದ. ಠಾಣೆಯ ಬಾಗಿಲಲ್ಲಿ ಕೇಡಿಯನ್ನು ಇಳಿಸಿ ವೀರ ಹಾರಿಹೋದ. ಆಟ ಮುಗಿದು ನಾನು ದೀಪ ಹಾಕಿದೆ.

ಹೆಂಗಸರ ಕಡೆಯಿಂದ ಅಮ್ಮಯಮ್ಮ ಎದ್ದಳು. ಗೋಪಾಲಪ್ಪನ ಸ್ವಂತ ಸೋದರತ್ತೆ, ಅವನಿಗೆ ಹೆದರದ ಒಂದೇ ಜೀವ.

"ಯಾಕ್ಲಾ ಗೋಪಾಲ, ನಿನ್ ವೀರ ಕೇಡೀನ ಏನೂ ಮಾಡ್ದೆ ಬಿಟ್ಬಿಟ್ಟ?"

ಇಂಗು ತಿಂದ ಮಂಗನಂತೆ ಅವನು ಪರದೆಯನ್ನೇ ನೋಡುತ್ತಿದ್ದ.

"ಮೈಕಲ್ಲಿ ಮಾತು ಕೊಟ್ಟಿದ್ದೀಯ. ಹೋಗಿ ಆವಲಪ್ಪನ್ ಹಗ್ಗ ಬಿಚ್ಚಿಸು" ಎಂದಳು. ಬೆರಳು ಜಜ್ಜುವುದನ್ನು ನೋಡಲು ಬಂದಿದ್ದ ಜನವೇ ಈಗ "ಹೌದು ಹೌದು, ಮಾತು ಮಾತೇ" ಎಂದರು. ಎತ್ತ ಗಾಳಿ ಬಂದರೆ ಅತ್ತ ತೂರಿಕೊಳ್ಳುವ ಜನ.

ಗೋಪಾಲಪ್ಪ ಮತ್ತೆ ಮೈಕ್ ಎತ್ತಿದ. "ನಂಗೆ ಮೊದಲೇ ಗೊತ್ತಿತ್ತು. ನಿಮ್ಗೆ ಬುದ್ಧಿ ಬರ್ಲಿ ಅಂತ ಹಾಗಂದೆ. ಬಲ ಇರೋನು ಕೈ ತಡೀಬೇಕು ಕಣ್ರೋ. ಆವಲಪ್ಪನ್ನ ಕ್ಷಮಿಸಿದ್ದೀನಿ."

ಶಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಅವನು ಕ್ಯಾಬಿನ್ನಿಗೆ ಬಂದು "ಸುಳ್ಳು ಹೇಳಿದ್ಯಲ್ಲೋ" ಎಂದು ಹಲ್ಲು ಕಡಿದ. "ಸುಳ್ಳೇನು ಗೌಡ್ರೇ, ಆ ವೀರ ಮಾಡಿದ್ದನ್ನೇ ಅಲ್ವಾ ನೀವೂ ಮಾಡಿದ್ದು?" ಎಂದೆ. ಹೊರಗೆ ಇನ್ನೂ ಚಪ್ಪಾಳೆ ಕೇಳುತ್ತಿತ್ತು. ಮೀಸೆ ತಿರುವಿಕೊಂಡು ಹೋದ.

ನಾಲ್ಕನೇ ದಿನ ತಂತಿ ಸಿಕ್ಕಿತು. ಹೊಸಕೋಟೆಯ ಗುಜರಿ ಅಂಗಡಿಯಲ್ಲಿ ಅದನ್ನು ಮಾರಿದ್ದವನು ಗೋಪಾಲಪ್ಪನ ಬಾಮೈದ. ಊರಿಗೆಲ್ಲ ಗೊತ್ತಾಯಿತು. ಧರ್ಮರಾಯರು ಬಾಮೈದನಿಗೆ ಕೋಳಿಸಾರು ಮಾಡಿಸಿ ಊಟ ಹಾಕಿ, "ಸಂಸಾರಸ್ಥ, ಏನೋ ಕಷ್ಟ ಇರುತ್ತೆ" ಎಂದರು. ಅಷ್ಟರಲ್ಲಿ ಗೋಪಾಲಪ್ಪನ ದೊಡ್ಡ ಮನಸ್ಸಿನ ಸುದ್ದಿ ದೇವನಹಳ್ಳಿಯವರೆಗೂ ಹೋಗಿತ್ತು. ಎಂಬತ್ತು ವರ್ಷದ ಹತ್ತಿರ ಬದುಕಿ, ಸಾಯುವವರೆಗೂ ಆ ಹೆಸರಿನ ಮೇಲೇ ಮೆರೆದ.

ತಂತಿ ಸಿಕ್ಕಿದ ಮೇಲಿನ ಸೋಮವಾರ ಮುಂದಿನ ಆಟಕ್ಕೆ ಗೋಪಾಲಪ್ಪನನ್ನು ಕರೆಯಲು ಆದಿನಾರಾಯಣಪ್ಪ ನನ್ನನ್ನು ಕಳಿಸಿದ್ದ. ಅವನ ಮನೆಯ ಜಗಲಿಯ ಕೆಳಗೆ ನರಸಮ್ಮ ಎಲೆಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಆವಲಪ್ಪ.

"ನಿಮ್ ಉಪಕಾರ ಮರೆಯೋಲ್ಲ ಧಣಿ" ಎಂದಳು.

"ಹೋಗ್ಲಿ ಬಿಡು. ಇನ್ಮೇಲಾದ್ರೂ ಹುಷಾರಾಗಿರ್ಲಿ" ಎಂದ ಗೋಪಾಲಪ್ಪ.

ಕದ್ದದ್ದು ಯಾರೆಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ನನಗೆ ಅವನ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಆದರೂ ನಾನು ಬಾಯಿ ಬಿಡಲಿಲ್ಲ. ನರಸಮ್ಮ ಗಂಡನ ಮೊಣಕೈ ತಿವಿದಳು. ಆವಲಪ್ಪನ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇನ್ನೂ ಕಪ್ಪಗಿತ್ತು, ಬೆರಳು ಹತ್ತೂ ನೆಟ್ಟಗಿದ್ದವು. ಆ ಹತ್ತನ್ನೂ ಜೋಡಿಸಿ ಅವನು ಗೋಪಾಲಪ್ಪನಿಗೆ ಕೈ ಮುಗಿದ.