ಭಾವನ ಅಕ್ಷರಮಿತಿ

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವನಿಗೆ, ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಕತ್ತರಿ. ಎದುರಿಗೆ ಎಂದೂ ಹೇಳಿಲ್ಲ. ಹೇಳಿದ್ದರೆ ಇನ್ನೂ ಚಿಕ್ಕ ಹೆಸರು ಸಿಗಲಿಲ್ಲವೇ ಎಂದು ಕೇಳುತ್ತಿದ್ದರು.

ಅವರಿಗೆ ನಗರದ ಬಸ್ ಕಂಪನಿಯ ಪ್ರಚಾರ ವಿಭಾಗದಲ್ಲಿ ಕೆಲಸ. ಯಾವ ಬಸ್ಸು ಇಂದು ಓಡುವುದಿಲ್ಲ, ಯಾವ ರಸ್ತೆ ಅಗೆದಿದ್ದಾರೆ, ಯಾವ ನಿಲ್ದಾಣ ಮುಂದಕ್ಕೆ ಹೋಗಿದೆ ಎಂಬುದನ್ನೆಲ್ಲ ಕಂಪನಿ ಮೂರು ಜಾಲತಾಣಗಳಲ್ಲಿ ಹಾಕುತ್ತದೆ. ಒಂದೊಂದು ತಾಣಕ್ಕೆ ಒಂದೊಂದು ಮಿತಿ. ಅದಕ್ಕಿಂತ ಹೆಚ್ಚು ಅಕ್ಷರ ಬರೆದರೆ ತೆಗೆದುಕೊಳ್ಳುವುದೇ ಇಲ್ಲ. ಬರೆಯುವವರು ಬೇರೆ. ಬರೆದದ್ದನ್ನು ಮಿತಿಗೆ ಹಿಡಿದು ನೋಡಿ, ಹೆಚ್ಚಾದದ್ದನ್ನು ಕತ್ತರಿಸುವವರು ಭಾವ. ಹಿಂದೊಮ್ಮೆ ಒಂದು ತಾಣದಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಮೊಟಕಾಗಿ ಹಾಕಿ, ಒಂದೇ ಬಸ್ಸಿಗೆ ಜನ ಎರಡು ಕಡೆ ಕಾದು ನಿಂತು, ಕೊನೆಗೆ ಕಚೇರಿಗೇ ನುಗ್ಗಿ ಕೂಗಾಡಿದ್ದರಂತೆ. ಅಂದಿನಿಂದ ಭಾವ ಒಂದು ನಿಯಮ ಮಾಡಿದರು. ಎಲ್ಲ ಕಡೆಗೂ ಒಂದೇ ಮಾತು; ಮೂರರಲ್ಲಿ ಯಾವ ತಾಣ ಅತಿ ಜಿಪುಣವೋ ಅದರ ಅಳತೆಯೇ ಎಲ್ಲಕ್ಕೂ ಅಳತೆ. ಬಸ್ಸುಗಳಿಗೆ ಅದು ಸರಿಯೇ ಇರಬಹುದು. ಆದರೆ ಈ ಮನುಷ್ಯ ಆ ನಿಯಮವನ್ನು ಊಟದ ಡಬ್ಬಿಯ ಜೊತೆ ಮನೆಗೂ ತರುತ್ತಿದ್ದರು.

ನಾನು ಬಾಯಿ ತೆರೆದರೆ "ವಿಷಯಕ್ಕೆ ಬಾಮ್ಮ" ಎನ್ನುವರು. ತವರಿಗೆ ಫೋನ್ ಮಾಡಿ ಇಟ್ಟರೆ, ಅದರಲ್ಲಿ ಮೊದಲರ್ಧ ಬೇಕಿರಲಿಲ್ಲ ಎಂದು ಸೋಫಾದಿಂದಲೇ ತೀರ್ಪು. ಒತ್ತಕ್ಷರ ಕಂಡರಂತೂ ಮೈಮೇಲೆ ಹಲ್ಲಿ ಬಿದ್ದವರಂತೆ ಆಡುವರು. ಕಣ್ಣಿಗೆ ಒಂದೇ ಅಕ್ಷರ, ಯಂತ್ರದ ಲೆಕ್ಕದಲ್ಲಿ ಮೂರು ನುಂಗುತ್ತದಂತೆ. ಮದುವೆಯಾಗಲಿಲ್ಲ. ಒಂದು ವಾಕ್ಯ ಪೂರ್ತಿ ಮಾಡಲು ಬಿಡದ ಗಂಡಸಿನ ಜೊತೆ ಯಾರು ತಾನೆ ಏಗುತ್ತಾರೆ?

ನಮ್ಮತ್ತೆಗೆ ಈಚೆಗೆ ಮರೆವು. ಮಕ್ಕಳನ್ನು ಒಮ್ಮೆ ಗುರುತಿಸುತ್ತಾರೆ, ಒಮ್ಮೆ ಇಲ್ಲ. ಗೊತ್ತಿಲ್ಲದವರು ಕೂಗಿ ಕರೆದರೆ, ಕೈ ಹಿಡಿದರೆ, ಹೆದರಿ ಹೊರಟೇಬಿಡುತ್ತಾರೆ. ಸುಮ್ಮನೆ ಪಕ್ಕದಲ್ಲಿ ಕೂತರೆ ಮಾತ್ರ ತಾವಾಗಿಯೇ ಮಾತಿಗೆ ಶುರುಮಾಡುತ್ತಾರೆ. ದಿನವಿಡೀ ಅವರ ಜೊತೆ ಇರುವವಳು ನಾನು, ನನಗೆ ಗೊತ್ತು.

ಒಂದು ಭಾನುವಾರ ತಾರಸಿಯಲ್ಲಿ ಬಟ್ಟೆ ಒಣಹಾಕಿ ಕೆಳಗಿಳಿದರೆ ಬಾಗಿಲು ಹಾರು ಹೊಡೆದಿತ್ತು. ಅತ್ತೆ ಇರಲಿಲ್ಲ. ಗಂಡನನ್ನೂ ಭಾವನನ್ನೂ ಕೂಗಿದೆ. ಬೀದಿ ಬೀದಿ ಸುತ್ತಿದೆವು, ಪೊಲೀಸರಿಗೆ ಹೇಳಿ ಬಂದೆವು. ಬಿಸಿಲು ಇಳಿಯುತ್ತಿತ್ತು. ಜಾಲತಾಣಗಳಲ್ಲಿ ಹಾಕೋಣ ಎಂದು ಭಾವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರು.

ನನ್ನ ಗಂಡ "ಪ್ರೀತಿಯ, ಮೃದು ಸ್ವಭಾವದ ನಮ್ಮ ತಾಯಿಯವರು" ಎಂದು ಹೇಳತೊಡಗಿದ. ಭಾವ ಪ್ರೀತಿಯನ್ನೂ ಸ್ವಭಾವವನ್ನೂ ಅಳಿಸಿದರು. ಅದಕ್ಕೆ ನನ್ನದೇನೂ ತಕರಾರಿಲ್ಲ.

"ಕೂಗಿ ಕರೀಬೇಡಿ, ಮುಟ್ಟಬೇಡಿ, ಸುಮ್ನೆ ಪಕ್ಕದಲ್ಲಿ ಕೂತು ನಮಗೆ ಫೋನ್ ಮಾಡಿ ಅಂತ ಹಾಕಿ ಭಾವ," ಎಂದೆ.

"ಹಿಡಿಸಲ್ಲಮ್ಮ."

"ಆ ಒಂದು ಜಿಪುಣ ತಾಣದಲ್ಲಿ ತಾನೆ ಹಿಡಿಸಲ್ಲ? ಉಳಿದೆರಡರಲ್ಲಿ ಬೇಕಾದಷ್ಟು ಜಾಗ ಇದೆಯಲ್ಲ."

"ಒಂದೊಂದು ಕಡೆ ಒಂದೊಂಥರ ಹಾಕಿದ್ರೆ ಜನಕ್ಕೆ ಗೊಂದಲ ಆಗುತ್ತೆ."

"ಇದು ಬಸ್ಸಲ್ಲ ಭಾವ, ನಿಮ್ಮಮ್ಮ."

"ಅದಕ್ಕೇ ಸರಿಯಾಗಿ ಮಾಡ್ತಿರೋದು," ಎಂದರು. ಎಣಿಸಿದ ಅಕ್ಷರಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದರು. ಹೆದರಿದ ಮನುಷ್ಯ ತನಗೆ ಬರುವ ಕೆಲಸವನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಾನೆ ಎಂದು ನನಗೆ ಕಾಣುತ್ತಿತ್ತು. ಕಂಡು ಇನ್ನೂ ರೇಗಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ಫೋಟೋ, ನೀಲಿ ಸ್ವೆಟರ್, ಫೋನ್ ನಂಬರು. ಅಷ್ಟೇ ಮೂರೂ ಕಡೆ ಹೋಯಿತು. ಅಚ್ಚುಕಟ್ಟಾಗಿತ್ತು, ಮಿತಿಯೊಳಗೇ ಇತ್ತು.

ಬೇಗನೇ ಫೋನ್ ಬಂತು. ಲಾಂಡ್ರಿ ಅಂಗಡಿಯ ಹೆಂಗಸು.

"ನಿಮ್ಮ ಅಜ್ಜಿ ನಮ್ಮ ಅಂಗಡಿ ಮುಂದೇನೇ ಇದ್ರು ಕಣ್ರೀ. ನಿಲ್ಲಿ ಅಜ್ಜಿ, ಮನೆಯವರು ಹುಡುಕ್ತಿದ್ದಾರೆ ಅಂತ ಕೂಗಿ ಕೈ ಹಿಡ್ಕೊಂಡೆ. ಕೊಸರಿಕೊಂಡು ದೊಡ್ಡ ರಸ್ತೆಗೇ ಇಳಿದುಬಿಟ್ರು. ಲಾರಿಯವನು ಬ್ರೇಕ್ ಹಾಕಿದ, ಸದ್ಯ. ಆ ಕಡೆ ಎಲ್ಲಿ ಹೋದ್ರೋ ಕಾಣಲಿಲ್ಲ."

ಆ ಪುಣ್ಯಾತ್ಗಿತ್ತಿಯನ್ನು ಬೈಯುವಂತಿರಲಿಲ್ಲ; ಯಾರಾದರೂ ಹಾಗೇ ಮಾಡುತ್ತಿದ್ದರು. ಬೈಯಬೇಕಾದವರು ಎದುರಿಗೇ ಕೂತಿದ್ದರು. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಭಾವ ಹೇಳಿದರು, "ನೀನು ಹೇಳ್ತಾ ಹೋಗಮ್ಮ, ನಾನು ಟೈಪ್ ಮಾಡ್ತೀನಿ."

ಹೇಳಿದೆ. ಕೂಗಬೇಡಿ ಎಂದೆ, ಮುಟ್ಟಬೇಡಿ ಎಂದೆ. ಪಕ್ಕದಲ್ಲಿ ಕೂರಿ, ಅವರೇ ಮಾತಾಡಿಸುತ್ತಾರೆ, ಏನು ಕೇಳಿದರೂ ಹೌದು ಅನ್ನಿ ಎಂದೆ. ಹಸಿದಿರುತ್ತಾರೆ, ಆದರೆ ಕೇಳುವುದಿಲ್ಲ ಎಂದೆ. ಭಾವ ಒಂದು ಅಕ್ಷರವನ್ನೂ ತೆಗೆಯಲಿಲ್ಲ. ನಿಲ್ಲಿಸಿದಾಗ "ಇನ್ನೇನು?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ದೊಡ್ಡ ತಾಣಗಳೆರಡಕ್ಕೂ ಪೂರ್ತಿ ಹಾಕಿದರು. ಜಿಪುಣ ತಾಣಕ್ಕೆ ತುಂಡು ತುಂಡು ಮಾಡಿ, ಒಂದರ ಕೆಳಗೊಂದು ಹಾಕಿದರು.

ದೀಪ ಹಚ್ಚುವ ಹೊತ್ತಿಗೆ ಸೇತುವೆಯಾಚೆಯ ಕ್ಷೌರದ ಅಂಗಡಿಯವನ ಫೋನ್ ಬಂತು. ಪಿಸುಮಾತಿನಲ್ಲಿ ಹೇಳಿದ, "ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಿದ್ದೀನಿ. ನಾನೇನೂ ಮಾತಾಡಿಸಿಲ್ಲ. ಬಿಸ್ಕತ್ತು ಇಟ್ಟೆ, ತಿಂತಿದ್ದಾರೆ. ಬೇಗ ಬನ್ನಿ."

ಹೋದೆವು. ಅತ್ತೆಯ ಸ್ವೆಟರಿನ ಮೇಲೆಲ್ಲ ಬಿಸ್ಕತ್ತಿನ ಪುಡಿ. ಕ್ಷೌರದವನು ಮೆಲ್ಲಗೆ ಎದ್ದು ಜಾಗ ಬಿಟ್ಟ. ಭಾವ ಅಮ್ಮಾ ಎನ್ನಲಿಲ್ಲ, ಮುಟ್ಟಲಿಲ್ಲ. ಅಲ್ಲಿ ಹೋಗಿ ಕೂತರು. ಬಹಳ ಹೊತ್ತು ಕೂತರು. ಅತ್ತೆ ತಿರುಗಿ ಅವರ ಮುಖವನ್ನೇ ನೋಡಿದರು.

"ನಿನ್ನ ನೋಡಿದ್ರೆ ನಮ್ಮ ದೊಡ್ಡವನ ಥರಾನೇ ಇದ್ದೀಯಪ್ಪ," ಎಂದರು. "ಆದ್ರೆ ಅವನಿಗೆ ಹೀಗೆ ಕೂರೋಕೆ ಪುರುಸೊತ್ತಿರಲ್ಲ."

ಭಾವ "ಹೌದು" ಎಂದರು. ನನ್ನ ಗಂಡ ಟ್ಯಾಕ್ಸಿ ತಂದು ನಿಲ್ಲಿಸಿ ಬಾಗಿಲು ತೆರೆದ. ಭಾವ ಏಳಲಿಲ್ಲ.