ಭಾನುವಾರ ಮರೆತ ಜೋಸ್ಲಿನ್ ಅತ್ತಿಗೆ

ಜೋಸ್ಲಿನ್ ಅತ್ತಿಗೆಯ ಬೀಳ್ಕೊಡುಗೆಯಲ್ಲಿ ಹೊಸ ನಿರ್ದೇಶಕರು ಎರಡೇ ಮಾತು ಹೇಳಿದರು: ಸಮಯಪಾಲನೆ, ಸೌಮ್ಯ ಸ್ವಭಾವ. ನನಗೆ ಮೈ ಉರಿಯಿತು. ಸೌಮ್ಯವಂತೆ! ಒಮಾನಿನ ಹಮ್ರಿಯಾದ ಒಂದೇ ಫ್ಲ್ಯಾಟಿನಲ್ಲಿ ಇಷ್ಟು ವರ್ಷ ಆಕೆಯ ಬೈಗುಳ ತಿಂದ ನಾದಿನಿ ನಾನು, ಓಲಿವಿಯಾ. ಅಲ್ಲಿ ಯಾರೂ ಹೇಳದೆ ಬಿಟ್ಟದ್ದನ್ನು ನಾನಾದರೂ ಹೇಳಬೇಡವೇ?

ಬೌಷರ್‌ನ ಆ ಕೃಷಿ ಸಂಶೋಧನಾ ಕೇಂದ್ರದ ಗ್ರಂಥಾಲಯಕ್ಕೆ ಇಂಟರ್ನೆಟ್ ತಂದವಳು ನಮ್ಮ ಅತ್ತಿಗೆ. ಒಮಾನಿನಲ್ಲಿ ಅದು ಆಗತಾನೇ ಕಣ್ಣುಬಿಡುತ್ತಿದ್ದ ಕಾಲ. ಅಂದಿನ ನಿರ್ದೇಶಕ ಮಹಮೂದ್ ಅವರ ಬೆನ್ನುಬಿದ್ದು ಇಂಟರ್ನೆಟ್ಟಿಗೆಂದು ಒಂದು ಟೆಲಿಫೋನ್ ಲೈನನ್ನು ತಿಂಗಳ ಮಟ್ಟಿಗೆ ಪಡೆದಿದ್ದಳು. ಲೆಕ್ಕಪತ್ರ ವಿಭಾಗದವರಿಗೆ ಆ ಲೈನಿನ ಮೇಲೇ ಕಣ್ಣು. ಪುಸ್ತಕ ಜೋಡಿಸುವವರಿಗೆ ಅದೆಲ್ಲ ಯಾಕೆ ಎಂದು ಅವರ ವಾದ. ಸೋಮವಾರ ಬೆಳಗಿನೊಳಗೆ ಅದರಿಂದ ಏನು ಉಪಯೋಗವಾಯಿತೆಂದು ತೋರಿಸಬೇಕು, ಇಲ್ಲದಿದ್ದರೆ ಲೈನು ಅವರಿಗೆ ಎಂದುಬಿಟ್ಟರು ಮಹಮೂದ್.

ಖರ್ಜೂರದ ಮರದ ಕೀಟದ ಬೆನ್ನು ಹತ್ತಿದ್ದ ಅಲ್ಲಿನ ವಿಜ್ಞಾನಿಯೊಬ್ಬರಿಗೆ ಒಂದು ಹಳೆಯ ಲೇಖನ ಬೇಕಿತ್ತು. ಅತ್ತಿಗೆ ಹುಡುಕಿ ಹುಡುಕಿ ಅದು ಹಂಗೇರಿಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿದೆ ಎಂದು ಪತ್ತೆಹಚ್ಚಿದಳು. ಆ ದೇಶದ ವಿದ್ಯಾಸಂಸ್ಥೆ, ಗ್ರಂಥಾಲಯಗಳು ನಮಗಿಂತ ಎಷ್ಟೋ ಮೊದಲೇ ಇಂಟರ್ನೆಟ್ಟಿನ ಮೂಲಕ ಒಂದಕ್ಕೊಂದು ಬೆಸೆದುಕೊಂಡಿದ್ದವು. ಆಗ ನಮಗಿಲ್ಲಿ ಗುರುವಾರ, ಶುಕ್ರವಾರ ರಜೆ. ಶನಿವಾರ ಬೆಳಗ್ಗೆ ಆಫೀಸಿಗೆ ಕಾಲಿಟ್ಟವಳೇ ತನ್ನ ಲೈನಿನ ಕಷ್ಟವನ್ನೂ ಬರೆದು ಅಲ್ಲಿಗೆ ಇಮೇಲ್ ಕಳಿಸಿದಳು.

ಶನಿವಾರ ಉತ್ತರವಿಲ್ಲ. ಭಾನುವಾರವೂ ಇಲ್ಲ. ಸಂಜೆ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದಳು. "ಇಡೀ ಹಂಗೇರಿ ಮಲಗಿದೆಯಾ ಎಂತ?" ಆ ಸಿಟ್ಟಿನಲ್ಲೇ ಶಿರ್ವದಲ್ಲಿದ್ದ ತಾಯಿಗೆ ಫೋನ್ ಹಚ್ಚಿದಳು. ಅವರು ಇಗರ್ಜಿಯಲ್ಲಿ ಕೇಳಿದ ಪಾದ್ರಿಗಳ ಉದ್ದದ ಪ್ರಸಂಗದ ಬಗ್ಗೆ ದೂರತೊಡಗಿದರು.

"ಇವತ್ತು ಎಂತ ಹಬ್ಬ ಅಮ್ಮ, ಇಗರ್ಜಿಗೆ ಹೋದದ್ದು?"

"ಹಬ್ಬ ಎಂತದ್ದು ಮಾರಾಯ್ತಿ, ಭಾನುವಾರ ಅಲ್ವಾ! ಗಲ್ಫಿಗೆ ಹೋಗಿ ದೇವರ ದಿನವನ್ನೂ ಮರೆತೆಯಾ?"

ಮರೆತೇ ಬಿಟ್ಟಿದ್ದಳು. ಅವಳೊಬ್ಬಳೇ ಅಲ್ಲ, ನಾವೆಲ್ಲರೂ. ಇಲ್ಲಿ ನಮ್ಮ ಇಗರ್ಜಿ ತುಂಬುವುದು ಶುಕ್ರವಾರ. ವರ್ಷಗಟ್ಟಲೆ ಶುಕ್ರವಾರ ಪೂಜೆಗೆ ಹೋಗಿ, ಭಾನುವಾರ ಟಿಫಿನ್ ಕಟ್ಟಿಕೊಂಡು ಕೆಲಸಕ್ಕೆ ಓಡುವ ನಮಗೆ, ಬೇರೆ ಕಡೆ ಅದು ರಜಾದಿನ ಎಂಬುದು ಹೊಳೆಯಲೇ ಇಲ್ಲ. ನನ್ನಣ್ಣ ಎಡ್ವರ್ಡ್ ಬಿದ್ದು ಬಿದ್ದು ನಕ್ಕು, ಸೌಟಿನ ಏಟು ತಿಂದ.

ಸೋಮವಾರ ಬೆಳಗ್ಗೆ ಲೈನು ಬಿಚ್ಚುವವನು ಬಂದು ನಿಂತಿದ್ದ. ಅತ್ತಿಗೆ ನೇರ ಮಹಮೂದ್ ಅವರ ಕೋಣೆಗೆ ನುಗ್ಗಿದಳು. "ಸರ್, ಮಧ್ಯಾಹ್ನದ ನಮಾಜ್ ಮುಗಿಯುವವರೆಗೆ ಸಮಯ ಕೊಡಿ. ಅವರ ಗಡಿಯಾರ ನಮಗಿಂತ ಹಿಂದೆ, ಅಲ್ಲಿ ಇನ್ನೂ ಆಫೀಸೇ ತೆರೆದಿಲ್ಲ. ನಿನ್ನೆ, ಮೊನ್ನೆ ಅವರಿಗೆ ರಜೆ."

"ಭಾನುವಾರ ರಜೆ ಅಂತ ನಿನಗೆ ಗೊತ್ತಿರಲಿಲ್ಲವಾ, ಸಿಸ್ಟರ್?" ಎಂದು ನಕ್ಕರು ಮಹಮೂದ್. ಆದರೂ ಕಾಯಲು ಒಪ್ಪಿದರು.

ನಮಾಜಿಗೆ ಮೊದಲೇ ಉತ್ತರ ಬಂತು. ಬರೆದಾಕೆ ಆಂಡ್ರಿಯಾ, ಅಲ್ಲಿನ ಗ್ರಂಥಪಾಲಕಿ. "ಲೇಖನ ಸಿಕ್ಕಿತು. ಸ್ಕ್ಯಾನ್ ಮಾಡಿ ಕಳಿಸಿದರೆ ನಿಮ್ಮ ಲೈನು ತಡೆಯಲಿಕ್ಕಿಲ್ಲ. ಟೈಪ್ ಮಾಡುತ್ತಿದ್ದೇನೆ. ಮೊದಮೊದಲು ನಾವೂ ಇಂಥ ಲೈನಿನ ಮುಂದೆ ಹೀಗೇ ಕಾದು ಕೂತವರು." ಹಿಂದೆಯೇ ಒಂದೊಂದೇ ಪುಟ ಇಳಿಯತೊಡಗಿತು. ಗುರುತು ಪರಿಚಯವಿಲ್ಲದವಳಿಗಾಗಿ ಆಕೆ ಅಷ್ಟನ್ನೂ ಕುಟ್ಟಿದ್ದಳು! ನಮಾಜ್ ಮುಗಿಸಿ ಬಂದ ಮಹಮೂದ್ ಓದಿ ನೋಡಿದರು. ಲೈನು ಬಿಚ್ಚಲು ಬಂದವನ ಕಡೆ ತಿರುಗಿದರು. "ಯಲ್ಲಾ, ನಡಿ, ಇನ್ನೆರಡು ಮೊಳೆ ಹೊಡೆದು ಗಟ್ಟಿ ಮಾಡು. ಇದು ಇಲ್ಲೇ ಇರುತ್ತದೆ. ಖಲಾಸ್."

ಆಮೇಲೆ ಅಲ್ ಖುವೈರ್‌ನ ಕಚೇರಿಗಳಿಂದೆಲ್ಲ ಜನ ಅತ್ತಿಗೆಯ ಬಳಿ ಕಲಿಯಲು ಬಂದರು. ನಮ್ಮ ಮನೆಯವಳು ಎನ್ನಲು ನನಗೆ ಇಂದಿಗೂ ಎದೆಯುಬ್ಬುತ್ತದೆ.

ಬೀಳ್ಕೊಡುಗೆ ಮುಗಿದ ಮೇಲೆ ಅತ್ತಿಗೆ ತನ್ನ ಮೇಜಿಗೆ ಹೋಗಿ, ಅಂದಿನಿಂದ ಬರೆಯುತ್ತಲೇ ಬಂದಿದ್ದ ಆಂಡ್ರಿಯಾಗೆ ಕೊನೆಯ ಇಮೇಲ್ ಬರೆದಳು: ಇವತ್ತಿಗೆ ನನ್ನ ಕೆಲಸ ಮುಗಿಯಿತು. ಕಂಪ್ಯೂಟರ್ ಮುಚ್ಚಲು ಹೊರಟಳು. "ಉತ್ತರ ನೋಡುವುದಿಲ್ವಾ?" ಎಂದೆ.

"ಇವತ್ತು ಭಾನುವಾರ ಮಾರಾಯ್ತಿ" ಎಂದಳು.

ಅಷ್ಟರಲ್ಲಿ ಉತ್ತರ ಬಂದೇಬಿಟ್ಟಿತು. ಅತ್ತಿಗೆ ಓದಿ, ಕಣ್ಣೊರೆಸಿಕೊಂಡು, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಭಾನುವಾರವೆಂದು ಗೊತ್ತು, ಜೋಸ್ಲಿನ್. ಒಮ್ಮೆ ನಿಮ್ಮನ್ನು ಕಾಯಿಸಿದ್ದು ಸಾಕು."