ದಿನ್ನೆ ಏರಿದ ಹೊಸ ಗಾಡಿ

ಗೌಸಮೊಹಿದ್ದೀನನಿಗೆ ಮನೆ ಇತ್ತು, ಹೆಂಡತಿ ಕುಲಸುಮಬಿ ಇದ್ದಳು, ಆದರೆ ಅವನ ಜೀವವೆಲ್ಲ ಇದ್ದದ್ದು ಸ್ಟೇರಿಂಗಿನ ಮೇಲೆ. ಮಟಕಿ ಎಂಬ ಊರಿನ ಸಾಹುಕಾರ ಅಣ್ಣಾರಾಯರ ಹಳೆಯ ಅಂಬಾಸಡರನ್ನು ವರ್ಷಗಟ್ಟಲೆ ಓಡಿಸಿ, ಅದರ ಕೆಮ್ಮು ನೆಗಡಿಯನ್ನೆಲ್ಲ ತನ್ನದೇ ಎಂಬಂತೆ ನೋಡಿಕೊಂಡಿದ್ದ. ಅವನಿಗೆ ಗಾಡಿ ಕಲಿಸಿದವನು ಅದೇ ಮನೆಯಲ್ಲಿ ಮೊದಲು ಡ್ರೈವರನಾಗಿದ್ದ ಕಲ್ಯಾಣಪ್ಪ. ನೀಳ ಆಳು, ಕೊರಳಲ್ಲಿ ಲಿಂಗ, ತುಟಿಯಲ್ಲಿ ಬೀಡಿ, ಬಾಯಿ ತೆರೆದರೆ ಗಾಡಿಯ ಮಾತು. ಗೌಸ ಅವನನ್ನು ಉಸ್ತಾದ ಎಂದೇ ಕರೆಯುತ್ತಿದ್ದ.

ಅಫಜಲಪುರದ ರಸ್ತೆಯಲ್ಲಿ ಒಂದು ಹಳ್ಳವಿದೆ, ಹಳ್ಳ ದಾಟಿದರೆ ಕಡಿದಾದ ದಿನ್ನೆ. ಒಂದು ಬೇಸಿಗೆ ಆ ದಿನ್ನೆಯ ಬುಡದಲ್ಲಿ ರೇಡಿಯೇಟರ್ ಕುದ್ದು ಗಾಡಿ ನಿಂತಿತು. ಆರುವ ತನಕ ಎಂದು ಕಲ್ಲಿನ ಮೇಲೆ ಕೂತ ಕಲ್ಯಾಣಪ್ಪ ಬೀಡಿ ಹಚ್ಚಿಕೊಂಡ, ಕೂತಲ್ಲೇ ಜೀವ ಬಿಟ್ಟ. ಅವತ್ತು ಗೌಸ ಪಕ್ಕದಲ್ಲೇ ಇದ್ದ. ಉಸ್ತಾದ ಕೊನೆಗೆ ಆಡಿದ್ದೂ ಗಾಡಿಯ ಮಾತೇ: ಗೇರು ಇಳಿಸದೆ ಈ ದಿನ್ನೆ ಏರುವ ಗಾಡಿ ಬಂದರೆ ಅದರಲ್ಲಿ ಒಂದು ಸಲ ಕೂಡಬೇಕು.

ಆಮೇಲೆ ಆ ದಾರಿಯ ಡ್ರೈವರರೆಲ್ಲ ಅಲ್ಲಿ ಗಾಡಿ ನಿಲ್ಲಿಸಿ, ಒಂದು ಬೀಡಿ ಹಚ್ಚಿ, ಕಲ್ಲಿನ ಮೇಲಿಟ್ಟು ಮುಂದೆ ಹೋಗುವ ರೂಢಿ ಬಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲೆ ಅಲುಗದ ಮಧ್ಯಾಹ್ನದಲ್ಲೂ ಆ ಬೀಡಿಯ ತುದಿ ಯಾರೋ ದಮ್ಮು ಎಳೆದಂತೆ ಕೆಂಪಗಾಗುತ್ತಿತ್ತು. ಡ್ರೈವರರು ಅದನ್ನು ತಿರುಗಿ ನೋಡುತ್ತಿರಲಿಲ್ಲ.

ತೊಂಬತ್ತಮೂರರಲ್ಲಿ ಸಾಹುಕಾರರು ಜಪಾನಿನ ಇಸುಜು ಎಂಜಿನ್ನಿನ ಹೊಸ ಅಂಬಾಸಡರ್ ತಂದರು. ಊರಿನ ಗಾಡಿಹುಚ್ಚರಿಗೆ ಅವತ್ತು ಊಟ ಸೇರಲಿಲ್ಲ. ಸೈಕಲ್ ಅಂಗಡಿಯ ದೊಡ್ಡಪ್ಪ ಎಂಬವನು ಬಾನೆಟ್ಟಿಗೆ ಕಿವಿ ಹಚ್ಚಿ, ಚಾಲೂ ಆದದ್ದೇ ತಿಳಿಯುವುದಿಲ್ಲವಲ್ಲ ಎಂದು ಕಣ್ಣರಳಿಸಿದ. ವಾಮನ ಮಾಸ್ತರರು ಐದೂ ಗೇರು ಹಾಕಿ ತೆಗೆದು, ಹೊರಗೆ ಅದೇ ಮುದುಕ, ಒಳಗೆ ಮಾತ್ರ ಹರೆಯದವ ಎಂದು ನಕ್ಕರು. ಕೊನೆಗೆ ದೊಡ್ಡಪ್ಪ ಪಂಥ ಹಾಕಿದ: ಅಫಜಲಪುರದ ದಿನ್ನೆಯನ್ನು ಗೇರು ಇಳಿಸದೆ ಏರಿಸಿ ತೋರಿಸಬೇಕು. ಅದಕ್ಕೆ ಓಡಿಬಂದ ರಭಸ ಬೇಕು, ಬುಡದಲ್ಲಿ ನಿಲ್ಲುವಂತಿಲ್ಲ.

ಅಲ್ಲಿ ಬೀಡಿ ಇಡಬೇಕಲ್ಲ ಎಂದು ಗೌಸ ತಡವರಿಸಿದ. ಸಾಹುಕಾರರ ಹುಬ್ಬು ಗಂಟಾಯಿತು.

"ನಿನ್ನ ಕೈಲೆ ಆಗದಿದ್ರ ಹೇಳು ಗೌಸ್ಯಾ. ಗುಲಬರ್ಗಾದಾಗ ಹರೇದ ಡ್ರೈವರ್ ಭಾಳ ಮಂದಿ ಅದಾರ."

ಆ ಮಾತು ಎದೆಗೆ ನಾಟಿತು. ಸ್ಟೇರಿಂಗ್ ಕೈಬಿಟ್ಟರೆ ಊರಲ್ಲಿ ತನ್ನನ್ನು ಕೇಳುವವರು ಯಾರು? ಗೌಸ ಹೋಗಿ ಡ್ರೈವರನ ಸೀಟಿನಲ್ಲಿ ಕೂತ. ಸಾಹುಕಾರರು, ದೊಡ್ಡಪ್ಪ, ಮಾಸ್ತರರು ಮೂವರೂ ಹಿಂದಿನ ಸೀಟಿನಲ್ಲಿ ಒತ್ತಿಕೊಂಡರು.

ಹಳ್ಳ ಬಂತು. ಗೌಸ ಕಲ್ಲಿನ ಕಡೆ ಕಣ್ಣು ಹಾಯಿಸದೆ ಆಕ್ಸಿಲರೇಟರ್ ತುಳಿದ. ಗಾಡಿ ಬೆಣ್ಣೆಯಲ್ಲಿ ಚಾಕು ಹೋದಂತೆ ದಿನ್ನೆ ಏರಿತು. ಹಿಂದಿನವರು ಚಪ್ಪಾಳೆ ತಟ್ಟುತ್ತಿದ್ದಂತೆ ಪಕ್ಕದ ಖಾಲಿ ಸೀಟಿನ ಪ್ಲಾಸ್ಟಿಕ್ ಹೊದಿಕೆ ಚರಚರ ಎಂದು ತಗ್ಗಿತು, ಯಾರೋ ಕೂತು ಮೈ ಸಡಿಲಿಸಿದಂತೆ. ಆಮೇಲೆ ಬೀಡಿಯ ವಾಸನೆ ಬಂತು.

"ಹೊಸಾ ಗಾಡ್ಯಾಗ ಬೀಡಿ ಹಚ್ಚಿದವ ಯಾವನಲೇ?" ಎಂದರು ಸಾಹುಕಾರರು.

ಯಾರ ಕೈಯಲ್ಲೂ ಬೀಡಿ ಇರಲಿಲ್ಲ. ಮುಂದಿನ ಸೀಟಿನ ತಗ್ಗನ್ನು ಮೊದಲು ಕಂಡವರು ಮಾಸ್ತರರು. ಗಾಡಿ ನಿಲ್ಲಿಸಲು ಹೇಳಿ ಮೂವರೂ ಇಳಿದು, ಬಿಸಿಲಲ್ಲಿ ಬಸ್ಸಿಗೆ ಕಾದು ಊರಿಗೆ ಮರಳಿದರು. ಗೌಸನಿಗೆ ಆಗ ಹೊಳೆಯಿತು. ಇಷ್ಟು ವರ್ಷ ತಾವು ಬೀಡಿ ಇಟ್ಟದ್ದು ಪ್ರೀತಿಗೆಂದು ತಿಳಿದಿದ್ದ. ಅದು ಕಲ್ಯಾಣಪ್ಪನನ್ನು ಕಲ್ಲಿನ ಮೇಲೆ ಕೂಡಿಸಿಟ್ಟಿತ್ತು, ಅಷ್ಟೆ. ಇವತ್ತು ಬೀಡಿ ಸಿಗದೆ ಅವನು ಎದ್ದು ಬಂದಿದ್ದ.

ಸಂಜೆ ಸಾಹುಕಾರರು ದೂರದಲ್ಲೇ ನಿಂತು, ಇನ್ನು ಆ ಗಾಡಿ ನಿನ್ನ ಪಾಲಿಗೆ, ಬೇರೆ ಯಾರೂ ಮುಟ್ಟುವುದಿಲ್ಲ ಎಂದರು. ಗೌಸನಿಗೆ ಹೆದರಿಕೆಯ ನಡುವೆಯೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಸ್ಟೇರಿಂಗನ್ನು ಅವನ ಕೈಯಿಂದ ಇನ್ನು ಯಾರೂ ಕಸಿಯುವಂತಿರಲಿಲ್ಲ. ಗಾಡಿಗೆ ಬೀಗ ಹಾಕಿ, ಕೀಲಿಕೈಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ.

ಬೆಳಿಗ್ಗೆ ಒರೆಸಲು ಹೋಗಿ ಡ್ರೈವರನ ಬಾಗಿಲು ತೆಗೆದ. ಗೌಸ ಗಿಡ್ಡ ಆಳು, ಸೀಟನ್ನು ಮುಂದಕ್ಕೆ ಎಳೆದುಕೊಳ್ಳದಿದ್ದರೆ ಕಾಲು ಬ್ರೇಕಿಗೆ ಮುಟ್ಟುವುದಿಲ್ಲ. ಆ ಸೀಟು ಈಗ ಕಡೆಯ ತನಕ ಹಿಂದಕ್ಕೆ ಸರಿದಿತ್ತು, ಕಲ್ಯಾಣಪ್ಪನಂಥ ಉದ್ದ ಕಾಲಿನವನಿಗೆ ಬೇಕಾದಷ್ಟು.

 ಗೌಸನಲ್ಲಿ ಹೆದರಿಕೆಗಿಂತ ಮೊದಲು ಎದ್ದದ್ದು ತನ್ನ ಸೀಟು ಹೋಯಿತೆಂಬ ಹೊಟ್ಟೆಕಿಚ್ಚು. ಆದರೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಇದೇ ಉಸ್ತಾದ. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಸುತ್ತು ಹಾಕಿ ಬಂದು, ಗಾಡಿ ಕಲಿಯುವಾಗ ಉಸ್ತಾದನ ಪಕ್ಕ ಕೂಡುತ್ತಿದ್ದಂತೆ ಎಡಗಡೆಯ ಸೀಟಿನಲ್ಲಿ ಕೂತ. ಕೀಲಿಕೈ ಹಿಡಿದ ಕೈಯನ್ನು ಖಾಲಿ ಸೀಟಿನ ಕಡೆ ಚಾಚಿದ.

"ತಗೋರಿ ಉಸ್ತಾದ," ಎಂದ. "ನಾ ಬಾಜೂಕ ಕುಂತು ನೋಡ್ತೇನಿ."